ವಿಭೂತಿ ಹತ್ತಿದ ಹೆಬ್ಬೆಟ್ಟು

ಹುರಿದ ಶೇಂಗಾ ಆರಿದ ಮೇಲೆ ಹೊಸ್ತಿಲ ಬಳಿ ಕೂತು ಅಂಗೈಯಿಂದ ಉಜ್ಜಿ ಮೊರದಲ್ಲಿ ಕೇರುತ್ತಿದ್ದೆ. ವಿನೋಬನಗರದಲ್ಲಿ ನಮ್ಮದು ಅಂಗಳವಿಲ್ಲದ ಮನೆ. ಹೊಸ್ತಿಲು ದಾಟಿದರೆ ರಸ್ತೆ. ಗಾಳಿ ಎತ್ತ ಬೀಸುತ್ತದೆ ಎಂದು ನೋಡಿಕೊಂಡು, ಎದುರುಮನೆಯವರ ರಂಗೋಲಿಯ ಮೇಲೆ ಬೀಳದ ಹಾಗೆ ಸಿಪ್ಪೆ ಹಾರಿಸಬೇಕು. ಅವತ್ತು ಅದು ಹೋಗಿ ಬಿದ್ದದ್ದು ಎರಡು ಜೊತೆ ಕಂದು ಬೂಟುಗಳ ಮೇಲೆ. ತಲೆ ಎತ್ತಿದರೆ ಒಬ್ಬ ಹೆಣ್ಣುಮಗಳು, ಅವರ ಹಿಂದೆ ಒಬ್ಬ ಗಂಡಸು. ಬಟ್ಟೆ ಎಲ್ಲರಂಥದೇ. ಬೂಟು ಮಾತ್ರ ಪೊಲೀಸರದು.

ಖಾಕಿ ತೊಟ್ಟು ಜೀಪಿನಲ್ಲಿ ಬರಲಿಲ್ಲ. ಅಷ್ಟರ ಮಟ್ಟಿಗೆ ದೇವರು ನಮ್ಮ ಕಡೆಗಿದ್ದ.

ಆ ಹೆಣ್ಣುಮಗಳು ಸಬ್ ಇನ್‌ಸ್ಪೆಕ್ಟರ್. ಫೋನು ನೋಡುತ್ತ ನನ್ನ ಹೆಸರು, ನಮ್ಮ ಮನೆಯವರ ಹೆಸರು, ಮನೆ ನಂಬರು ಓದಿದರು. ಎಲ್ಲವೂ ಸರಿಯಿತ್ತು. ಆಮೇಲೆ ಒಂದು ಮೊಬೈಲ್ ನಂಬರು ಓದಿದರು.

"ಇದು ನನ್ನದಲ್ಲರಿ," ಎಂದೆ.

"ನಿಮ್ಮ ಹೆಸರಲ್ಲೇ ಐತಲ್ರಿ."

"ನನ್ನ ಹತ್ರ ಇರೋದು ಒಂದೇ ನಂಬರು. ಬೇಕಾದ್ರೆ ಫೋನ್ ತಂದು ತೋರಿಸ್ತೀನಿ."

ಅವರು ಬೇಡವೆಂದು ಕೈ ಆಡಿಸಿ, ನನ್ನ ಪಕ್ಕದಲ್ಲೇ ಹೊಸ್ತಿಲ ಮೇಲೆ ಕೂತು, ದನಿ ತಗ್ಗಿಸಿ ವಿಷಯ ಹೇಳಿದರು. ಹರಿಹರದಲ್ಲಿ ಒಬ್ಬ ನಿವೃತ್ತ ಕಾರ್ಮಿಕರಿಗೆ ಆ ನಂಬರಿನಿಂದ ಫೋನು ಬಂದಿದೆ. ಮಾತಾಡಿದವನು ತಾನು ದೊಡ್ಡ ಪೊಲೀಸ್ ಅಧಿಕಾರಿ ಎಂದಿದ್ದಾನೆ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು ಮನೆಯಲ್ಲೇ ಅರೆಸ್ಟ್ ಮಾಡಿದ್ದೇವೆ, ಕ್ಯಾಮೆರಾ ಮುಂದಿನಿಂದ ಏಳಬಾರದು, ಹೆಂಡತಿಗೂ ಹೇಳಬಾರದು ಎಂದು ಹೆದರಿಸಿದ್ದಾನೆ. ಹಗಲು ರಾತ್ರಿ ಕೂರಿಸಿ, ಕಾರ್ಖಾನೆ ಮುಚ್ಚಿದಾಗ ಬಂದಿದ್ದ ದುಡ್ಡನ್ನೆಲ್ಲ ಬಳಿದುಕೊಂಡಿದ್ದಾನೆ. ಆಮೇಲೆ ಆ ಮನುಷ್ಯ ಊಟ ಬಿಟ್ಟರು. ಕೆಲವೇ ವಾರಗಳಲ್ಲಿ ತೀರಿಕೊಂಡರು. ಹೆಂಡತಿ ದೂರು ಕೊಟ್ಟಿದ್ದಾರೆ.

"ಸಿಮ್ ಯಾರ ಹೆಸರಲ್ಲಿ ಇರ್ತೈತೋ ಅವ್ರನ್ನ ಮೊದ್ಲು ಕೇಳ್ಬೇಕು. ಅದಕ್ಕೆ ಬಂದೀವಿ," ಎಂದು ನೋಟಿಸು ಕೈಗಿಟ್ಟರು. ಠಾಣೆಗೆ ಹೋಗಿ ಹೇಳಿಕೆ ಕೊಡಬೇಕಿತ್ತು.

"ಬರದಿದ್ರೆ?"

"ಬರ್ರಿ. ಬರದಿದ್ರೆ ಅರೆಸ್ಟ್ ಮಾಡೋಕೆ ಕಾನೂನು ಐತೆ."

ಒಳಗಿನಿಂದ ಅತ್ತೆ ಕೂಗಿದರು. "ಯಾರವ್ವ ಅದು?"

ಸಬ್ ಇನ್‌ಸ್ಪೆಕ್ಟರೇ, "ಬ್ಯಾಂಕಿನವ್ರು ಅಜ್ಜಿ," ಎಂದರು. ಹೋಗುವಾಗ ಬೂಟಿನ ಮೇಲಿನ ಸಿಪ್ಪೆ ಕೊಡವಿಕೊಂಡರು. ನಾನು ಮತ್ತೆ ಮೊರ ಎತ್ತಿದೆ. ಕೇರಲು ಹೋದರೆ ಸಿಪ್ಪೆಯ ಜೊತೆ ಕಾಳೂ ಹಾರಿ ರಸ್ತೆಗೆ ಬಿದ್ದವು.

ಅತ್ತೆಗೆ ಕಣ್ಣು ಮಂಜಾದರೂ ಕಿವಿ ಚುರುಕು. "ಬ್ಯಾಂಕಿನವ್ರು ಯಾವಾಗಿಂದ ಬೂಟು ಹಾಕ್ಕೊಂಡು ಟಕ್ ಟಕ್ ಅಂತ ಬರೋದು ಕಲ್ತ್ರು? ನನಗ ಹೇಳ್ಬ್ಯಾಡ, ಬಿಡು. ಶಿವಗ ಹೇಳು," ಎಂದರು. ಶಿವನಿಗೆ ಹೇಳಲು ನನಗೇ ಏನೂ ಗೊತ್ತಿರಲಿಲ್ಲ.

ನಮ್ಮ ಮನೆಯವರು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಸಂಜೆ ಬಂದು ನೋಟಿಸನ್ನು ಎರಡು ಸಲ ಓದಿದರು. ಬಯ್ಯುತ್ತಾರೆಂದು ಕಾದೆ, ಬಯ್ಯಲಿಲ್ಲ.

"ನೀನು ನಿನ್ನ ಅಕ್ಕಗೇ ಫೋನ್ ಮಾಡಲ್ಲ, ಕರೆನ್ಸಿ ಖರ್ಚಾಗ್ತೈತೆ ಅಂತ. ಹರಿಹರದಾಗ ಯಾರಿಗೋ ಮಾಡ್ತೀಯೇನು?" ಎಂದರು. ನಗಿಸಲು ನೋಡಿದರು. ಆಮೇಲೆ ಅವರ ದನಿ ಬೇರೆಯಾಯಿತು. "ಆದ್ರೆ ಕಾಗದದಾಗ ನೀನೇ ಇದ್ದೀಯಲ್ಲ."

ಆ ರಾತ್ರಿ ಪೂಜೆಗೆ ಕೂತವಳು ನನ್ನ ಹೆಸರನ್ನು ನಾನೇ ಹೇಳಿಕೊಂಡು ನೋಡಿದೆ. ಹುಟ್ಟಿದಾಗ ಅಜ್ಜಿ ಕಿವಿಯಲ್ಲಿ ಊದಿದ ಹೆಸರು. ಅದೀಗ ಒಬ್ಬ ಸತ್ತ ಮನುಷ್ಯನ ಕೇಸಿನಲ್ಲಿತ್ತು.

ಠಾಣೆಯಲ್ಲಿ ಮನೆಯವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ನನ್ನೊಬ್ಬಳನ್ನೇ ಒಳಗೆ ಕರೆದರು. ಅದೇ ಸಬ್ ಇನ್‌ಸ್ಪೆಕ್ಟರ್, ಅವತ್ತು ಖಾಕಿಯಲ್ಲಿ. ಮಾತು ಮೃದುವಾಗಿಯೇ ಇತ್ತು. ಆದರೆ ಒಂದೇ ಪ್ರಶ್ನೆಯನ್ನು ತಿರುಗಿಸಿ ತಿರುಗಿಸಿ ಕೇಳಿದರು. ಸಿಮ್ ಯಾರಿಗೆ ಕೊಟ್ಟಿರಿ? ಎಷ್ಟಕ್ಕೆ ಕೊಟ್ಟಿರಿ? ನಿಮಗೆ ಯಾರು ಹೇಳಿದರು? ತಮ್ಮ ಹೆಸರಲ್ಲಿ ಸಿಮ್ ತೆಗೆದು ನೂರಿನ್ನೂರಕ್ಕೆ ಮಾರುವವರು ಇದ್ದಾರಂತೆ. ನಾನೂ ಅಂಥವಳೇ ಎಂದು ಅವರಿಗೆ ಅನುಮಾನ.

"ಇದಕ್ಕೆ ಕಾನೂನು ಏನೈತ್ರಿ?" ಎಂದು ಕೇಳಿದೆ. ಏನಾಗುತ್ತದೆ ಎಂಬುದು ಗೊತ್ತಾದರೆ ಭಯಕ್ಕೊಂದು ದಡ ಸಿಗುತ್ತದೆ ಅನಿಸಿತ್ತು.

"ಐಟಿ ಕಾಯ್ದೆ, ಅರವತ್ತಾರು ಸಿ. ಇನ್ನೊಬ್ಬರ ಗುರುತನ್ನ ಮೋಸದಿಂದ ಬಳಸೋದು. ಅರವತ್ತಾರು ಡಿ, ಇನ್ನೊಬ್ಬರ ಸೋಗು ಹಾಕಿ ಕಂಪ್ಯೂಟರ್, ಫೋನ್ ಮೂಲಕ ಮೋಸ ಮಾಡೋದು. ಮೂರು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ."

"ಈ ಕಲಮು ನನ್ನ ಕಡೆಗೋ, ನನ್ನ ಮೇಲೋ?"

ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ನಿಮ್ಮ ಬೆರಳು ಕದ್ದಿದ್ರೆ ನಿಮ್ಮ ಕಡೆಗೆ. ನೀವೇ ಕೊಟ್ಟಿದ್ರೆ ನಿಮ್ಮ ಮೇಲೆ. ಅದನ್ನೇ ಕೇಳ್ತಿರೋದು ನಾನು."

ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. ಸಿಮ್ ಕೊಡುವಾಗ ಅಂಗಡಿಯವನು ತೆಗೆಯುವ ಫೋಟೊ ಅದರಲ್ಲಿತ್ತು. ಹಣೆಯ ತುಂಬ ವಿಭೂತಿ, ತಲೆ ಮೇಲೆ ಹಸಿರು ಸೆರಗು. ಹಿಂದೆ ನೀಲಿ ಬಿಳಿ ಛತ್ರಿಯ ಅಂಚು. ನಾನು ಹಲ್ಲು ಕಾಣುವಷ್ಟು ನಗುತ್ತಿದ್ದೆ. ಒಬ್ಬ ಮನುಷ್ಯನನ್ನು ಹೆದರಿಸಿ ಕೊಂದ ನಂಬರಿಗೆ ನನ್ನ ನಗುವ ಮುಖ ಗುರುತು.

ಆ ಸೆರಗು ನೋಡಿದ ಮೇಲೆ ಎಲ್ಲ ನೆನಪಾಯಿತು.

ಕೆಲವು ತಿಂಗಳ ಹಿಂದೆ ಒಂದು ಹುಣ್ಣಿಮೆಗೆ ನಂದಿಗುಡಿಯ ಮಠಕ್ಕೆ ಹೋಗಿ, ಪ್ರಸಾದ ಮುಗಿಸಿ, ಹರಿಹರದಲ್ಲಿ ಬಸ್ಸು ಬದಲಿಸಬೇಕಿತ್ತು. ನಮ್ಮಲ್ಲಿ ಒಂದು ರೂಢಿ. ಮಠದಲ್ಲಿ ಹಣೆಗಿಟ್ಟುಕೊಂಡ ಮೇಲೆ ಬೆರಳಿಗೆ ಹತ್ತಿದ ವಿಭೂತಿಯನ್ನು ತೊಳೆಯುವುದಿಲ್ಲ. ಬರಲಾಗದೆ ಮನೆಯಲ್ಲಿ ಉಳಿದವರ ಹಣೆಗೆ ಅದನ್ನೇ ಒರೆಸುತ್ತೇವೆ. ಅತ್ತೆಗೆ ಬಸ್ಸು ಹತ್ತಲಾಗುವುದಿಲ್ಲ. ಹಾಗಾಗಿ ನಾನು ದಾರಿಯುದ್ದಕ್ಕೂ ಬಲಗೈ ಬೆರಳು ಮಡಿಸಿಕೊಂಡೇ ಇದ್ದೆ. ಬಸ್ಸಿನ ಕಂಬಿಯನ್ನೂ ಎಡಗೈಯಲ್ಲೇ ಹಿಡಿದಿದ್ದೆ.

ಬಸ್ ಸ್ಟ್ಯಾಂಡಿನ ಗೋಡೆ ಪಕ್ಕ ಛತ್ರಿ ಹಾಕಿಕೊಂಡು ಒಬ್ಬ ಸಿಮ್ ಕೊಡುತ್ತಿದ್ದ. ಅವನ ಹಣೆಯಲ್ಲೂ ಮೂರು ಗೆರೆ ವಿಭೂತಿ. ಮಠದಿಂದ ಬರುವ ಹೆಂಗಸರನ್ನೆಲ್ಲ "ಬರ್ರಿ ತಾಯಿ, ಕೂಡ್ರಿ ತಾಯಿ," ಎಂದು ಕರೆದು ನೆರಳಿನಲ್ಲಿ ಸ್ಟೂಲು ಹಾಕುತ್ತಿದ್ದ. ನನ್ನ ಹಳೆಯ ಸಿಮ್ಮಿಗೆ ಅಡುಗೆಮನೆಯಲ್ಲಿ ಸಿಗ್ನಲ್ಲೇ ಸಿಗುತ್ತಿರಲಿಲ್ಲ. ಹೊಸದು ತೆಗೆದುಕೊಳ್ಳೋಣ ಎಂದು ಸಾಲಿನಲ್ಲಿ ನಿಂತೆ.

ನನ್ನ ಮುಂದೆ ವಯಸ್ಸಾದ ಗಂಡಹೆಂಡತಿ. ಗಂಡನ ಹೆಬ್ಬೆಟ್ಟನ್ನು ಮಷಿನ್ನು ಹಿಡಿಯಲಿಲ್ಲ. "ಲೇತ್ ಮಷಿನ್ ತಿಂದ ಹೆಬ್ಬೆಟ್ಟಿದು. ರೇಷನ್ ಅಂಗಡಿಯಾಗೂ ನಮ್ಮಾಕಿ ಬೆರಳೇ ನಡೆಯೋದು," ಎಂದು ಹೆಂಡತಿಯನ್ನು ಮುಂದೆ ಬಿಟ್ಟರು. ಆಕೆ ಒತ್ತಿದರು. ಬರಲಿಲ್ಲ ಎಂದ. ಮತ್ತೆ ಮತ್ತೆ ಒತ್ತಿದರು.

ನನ್ನ ಸರದಿ ಬಂದಾಗಲೂ ಅದೇ. "ತಾಯಿ, ಬೆರಳು ತಗೋತಿಲ್ಲ. ವಿಭೂತಿ ಹತ್ತೈತೆ ನೋಡ್ರಿ. ಒರೆಸ್ಕೊಂಡು ಇನ್ನೊಮ್ಮೆ ಒತ್ರಿ."

ತಪ್ಪು ನನ್ನ ಬೆರಳಿನದೇ ಎಂದು ನಂಬಿದೆ. ಅತ್ತೆಗೆಂದು ಇಟ್ಟುಕೊಂಡದ್ದನ್ನು ಒರೆಸುವುದು ಹೇಗೆ ಎಂದು ಹಿಂದೆಮುಂದೆ ನೋಡುತ್ತಿದ್ದರೆ, ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ಆ ಯಜಮಾನರು ಹೆಗಲ ಮೇಲಿನ ಟವೆಲ್ ಚಾಚಿದರು. "ಒಗೆದದ್ದೇ ಐತೆ, ತಗೊಳ್ರಿ. ಹೆಬ್ಬೆಟ್ಟು ಒಂದು ಒರೆಸ್ರಿ. ಉಳಿದ ಬೆರಳಿನಾಗಿರೋದು ಮನೆಯವ್ರಿಗೆ ಸಾಕಾಗ್ತೈತೆ." ಒರೆಸಿ ಒತ್ತಿದೆ. ಬರಲಿಲ್ಲ ಎಂದ. ಮತ್ತೆ ಒತ್ತಿದೆ. ಫೋಟೊ ತೆಗೆಯುವಾಗ ಕಣ್ಣು ಮುಚ್ಚಿದಿರಿ ಎಂದು ಮತ್ತೆ ಮತ್ತೆ ತೆಗೆದ. ತೊಂದರೆ ಕೊಡುತ್ತಿದ್ದೇನಲ್ಲ ಎಂದು ನಾನೇ ಅವನಿಗೆ, "ಬೇಜಾರು ಮಾಡ್ಕೋಬ್ಯಾಡಪ್ಪ," ಎಂದೆ. ಆಗ ಯಜಮಾನರು, "ನಿಮ್ದು ದೇವ್ರ ಬೂದಿ, ನಂದು ಕಾರ್ಖಾನಿ ಬೂದಿ. ಮಷಿನ್ನಿಗೆ ಎರಡೂ ಬ್ಯಾಡಂತೆ," ಎಂದರು. ನಾನು ನಕ್ಕುಬಿಟ್ಟೆ. ಕೊನೆಯ ಫೋಟೊ ಅದೇ.

ಇದನ್ನೆಲ್ಲ ಸಬ್ ಇನ್‌ಸ್ಪೆಕ್ಟರಿಗೆ ಹೇಳಿದೆ. ಅವರು ಬರೆದುಕೊಂಡು ಕಂಪ್ಯೂಟರಿನಲ್ಲಿ ನೋಡಿದರು. ನಾನು ಬಳಸುತ್ತಿರುವ ಸಿಮ್ಮೂ ಆ ನಂಬರೂ ಒಂದೇ ಮಷಿನ್ನಿನಿಂದ ಬೆನ್ನು ಬೆನ್ನಿಗೆ ಚಾಲೂ ಆಗಿದ್ದವು. ಬರಲಿಲ್ಲ ಎಂದ ಪ್ರತಿ ಸಲವೂ ಬೆರಳು ಬಂದಿತ್ತು. ಚಾಲೂ ಆದ ಮೇಲೆ ಒಂದು ನನ್ನ ಅಡುಗೆಮನೆಗೆ ಬಂದಿದೆ, ಇನ್ನೊಂದು ರಾಜ್ಯವನ್ನೇ ದಾಟಿದೆ.

"ಸದ್ಯಕ್ಕೆ ನಿಮ್ಮನ್ನ ಸಾಕ್ಷಿ ಅಂತ ಇಟ್ಕೋತೀನಿ. ಕೋರ್ಟು ಏನಂತೈತೋ ಆಮೇಲೆ," ಎಂದರು. ಆ ಸದ್ಯಕ್ಕೆ ಎಂಬ ಮಾತನ್ನು ಮನೆಯವರಿಗೆ ಹೇಳಲಿಲ್ಲ. ಸಾಕ್ಷಿ ಎಂದಷ್ಟೇ ಹೇಳಿದೆ. ಅವರು ಆಕಾಶ ನೋಡಿ ಕೈ ಮುಗಿದರು.

ಕೆಲವು ವಾರಗಳ ನಂತರ ಹರಿಹರಕ್ಕೆ ಕರೆದರು. ಛತ್ರಿ ಇದ್ದ ಜಾಗ ತೋರಿಸಬೇಕು, ಅದನ್ನು ಪಂಚರ ಎದುರು ಬರೆದುಕೊಳ್ಳಬೇಕು. ಅದಕ್ಕೆ ಮಹಜರು ಎನ್ನುತ್ತಾರೆ. ಬಸ್ ಸ್ಟ್ಯಾಂಡಿನ ಗೋಡೆ ಹಾಗೆಯೇ ಇತ್ತು, ಛತ್ರಿಯಿದ್ದ ಜಾಗದಲ್ಲಿ ಒಬ್ಬ ಸೌತೆಕಾಯಿ ಮಾರುತ್ತಿದ್ದ. ದೂರು ಕೊಟ್ಟ ಹೆಣ್ಣುಮಗಳನ್ನೂ ಕರೆಸಿದ್ದರು. ಅವರು ಗೋಡೆಗೆ ಒರಗಿ ನಿಂತಿದ್ದರು, ಬೋಳು ಹಣೆ. ನೋಡಿದ್ದೇನೆ ಅನಿಸಿತು, ಎಲ್ಲಿ ಎಂದು ಹೊಳೆಯಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಪಂಚರ ಎದುರು ನನ್ನ ಹೆಸರು ಬರೆಸಿದರು. ಹೆಸರು ಕಿವಿಗೆ ಬಿದ್ದದ್ದೇ ಆಕೆ ತಿರುಗಿದರು.

"ನೀನೇನಾ?"

"ಹೌದ್ರಿ ಅಕ್ಕ."

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಮಾತು ಬಂದಾಗ ಅದರಲ್ಲಿ ಸಿಟ್ಟೂ ಇರಲಿಲ್ಲ. ಸಂತೆಯಲ್ಲಿ ಬೆಲೆ ಹೇಳುವ ದನಿಯಲ್ಲಿ ಹೇಳಿದರು.

"ಸ್ಟೇಷನ್ನಾಗ ನಿನ್ನ ಹೆಸರು ಹೇಳಿದ್ರಲ್ಲ, ಅವತ್ತಿಂದ ದಿನಾ ಸಂಜಿಗೆ ದೀಪ ಹಚ್ಚಿ ನಿನ್ನ ಹೆಸರು ಹಿಡಿದು ಬೇಡ್ಕೊಂಡೀನಿ. ಒಳ್ಳೇದಾಗ್ಲಿ ಅಂತ ಅಲ್ಲ. ನನ್ನ ಮನಿ ಆದಂಗ ಇವಳ ಮನೀನೂ ಆಗ್ಲಿ ಅಂತ."

ಕಾನೂನಿಗೆ ಉತ್ತರ ಕೊಡಲು ನನ್ನ ಬಳಿ ಮಷಿನ್ನಿನ ಸಾಕ್ಷಿಯಿತ್ತು. ಇದಕ್ಕೆ ಏನು ಉತ್ತರ ಕೊಡಲಿ? ಆ ದಿನಗಳಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಮನೆಯವರಿಗೆ ಜ್ವರ ಬಂದು ಬಹಳ ದಿನ ಬಿಟ್ಟಿರಲಿಲ್ಲ. ಮನಸ್ಸು ಬೇಡವೆಂದರೂ ಒಂದೊಂದನ್ನೇ ಆ ದೀಪದ ಮುಂದಿಟ್ಟು ನೋಡತೊಡಗಿತು.

"ಅಕ್ಕ, ನಾನಲ್ಲ," ಎಂದೆ.

"ಮಾತಾಡಿದ್ದು ಗಂಡಸಿನ ದನಿ ಅಂತ ನನಗೂ ಗೊತ್ತೈತೆ. ಆದ್ರೆ ಅವನ ಹೆಸರು ನನಗ್ಯಾರು ಕೊಟ್ರು? ನನಗ ಸಿಕ್ಕಿದ್ದು ನಿನ್ನ ಹೆಸರು ಒಂದೇ."

ಇನ್‌ಸ್ಪೆಕ್ಟರಮ್ಮ ಜಾಗ ತೋರಿಸಿ ಎಂದರು. ನಾನು ಸೌತೆಕಾಯಿಯ ಬುಟ್ಟಿಯ ಹಿಂದಿನ ಗೋಡೆ ತೋರಿಸಿದೆ. ಸ್ಟೂಲು ಇಲ್ಲಿತ್ತು, ಅವನು ಇಲ್ಲಿ ಕೂತಿದ್ದ, ಮುಂದೆ ಒಬ್ಬ ಯಜಮಾನರು ಚೀಲ ಹಿಡಿದು ನಿಂತಿದ್ದರು, ಲೇತ್ ಮಷಿನ್ ತಿಂದ ಹೆಬ್ಬೆಟ್ಟು ಎಂದಿದ್ದರು, ನನಗೆ ಟವೆಲ್ ಕೊಟ್ಟಿದ್ದರು...

ಅಲ್ಲಿಗೆ ನಿಲ್ಲಿಸಿದೆ. ಆಕೆ ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

"ಚೌಕಡಿ ಟವೆಲ್ಲೇನು?" ಎಂದು ಕೇಳಿದರು.

"ಹೌದ್ರಿ. ಕೆಂಪು ಚೌಕಡಿ."

"ಹಸಿರು ಸೀರಿ ಉಟ್ಟಾಕಿ ನೀನು. ಬೆರಳು ಮಡಿಸ್ಕೊಂಡು ನಿಂತಿದ್ದಿ. ಬಸ್ಸಿನಾಗ ಅವ್ರು ಹೇಳಿದ್ರು, ಎಂಥ ಭಕ್ತಿ ನೋಡು ಆ ಹೆಣ್ಮಗಳಿಗೆ, ನೀನಾಗಿದ್ರೆ ಸೀರಿಗೆ ಒರೆಸಿ ಬಿಡ್ತಿದ್ದಿ ಅಂತ." ಸೆರಗಿನಿಂದ ಬಾಯಿ ಒರೆಸಿಕೊಂಡು, "ಆ ಟವೆಲ್ ಅವ್ರ ಜೊತೆಗೇ ಕಳಿಸಿದೆ," ಎಂದರು.

ಇನ್‌ಸ್ಪೆಕ್ಟರಮ್ಮ ನಮ್ಮಿಬ್ಬರನ್ನೂ ನೋಡಿ, ಆಕೆಯ ಕಡೆ ತಿರುಗಿದರು. "ನೀವೂ ಇಲ್ಲೇ ಬೆರಳು ಕೊಟ್ಟಿದ್ರೇನು? ಯಾಕ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ."

ಇನ್‌ಸ್ಪೆಕ್ಟರಮ್ಮ ಆಕೆಯ ಫೋನು ಈಸಿಕೊಂಡು ಏನೋ ಒತ್ತಿದರು. ನಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ತೋರಿಸುವ ಸರ್ಕಾರದ ವ್ಯವಸ್ಥೆ ಇದೆಯಂತೆ. ಇದ್ದದ್ದು ಯಾರಿಗೆ ಗೊತ್ತಿತ್ತು? ಛತ್ರಿಯವನು ಕೊಟ್ಟ ಒಂದರ ಜೊತೆಗೆ ಇನ್ನೂ ಮೂರು ನಂಬರು ಆಕೆಯ ಹೆಸರಿನಲ್ಲಿದ್ದವು. ಛತ್ರಿಯವನು ಬೆರಳು ಕದ್ದು ಸಿಮ್ ಮಾಡಿದ್ದಷ್ಟೇ ಅಲ್ಲ, ಸಾಲಿನಲ್ಲಿ ನಿಂತವರ ನಂಬರುಗಳನ್ನೂ ಆ ಸಿಮ್ ಕೊಂಡ ಮೋಸಗಾರರಿಗೇ ಮಾರಿದ್ದ ಎಂದು ಇನ್‌ಸ್ಪೆಕ್ಟರಮ್ಮ ಹೇಳಿದರು. ನನ್ನ ಬೆರಳು ಆಕೆಯ ಮನೆಗೆ ಹೋಗಿತ್ತು. ಆಕೆಯ ಬೆರಳು ಬೇರೆ ಯಾರ ಮನೆಗೆ ಹೋಗಿತ್ತೋ.

"ಅವು ಯಾರ ಕೈಯಾಗ ಅದಾವ?" ಎಂದು ಆಕೆ ಕೇಳಿದರು.

"ಎರಡು ಬಂದ್ ಆಗ್ಯಾವ. ಒಂದು ನಡೀತಾ ಐತೆ."

"ಈಗ?"

"ಈಗ್ಲೇ ದೂರು ಹಾಕೀನಿ. ಬಂದ್ ಆಗ್ತೈತೆ."

"ಆಗೋ ತನಕ?"

ಅವರು ಫೋನನ್ನು ಆಕೆಗೆ ವಾಪಸ್ ಕೊಟ್ಟರು. ಛತ್ರಿಯವನನ್ನು ಹಿಡಿದಿರಾ ಎಂದು ನಾನು ಕೇಳಿದೆ. ಹಿಡಿದಿದ್ದರು. ಹಚ್ಚಿದ ಕಲಮು ಜಾಮೀನು ಸಿಗುವಂಥದು, ಹೊರಗೆ ಬಂದಿದ್ದ. ಫೋನು ಮಾಡಿದವನು ಯಾರೆಂದು ಗೊತ್ತಿರಲಿಲ್ಲ. ಗೊತ್ತಾಗುತ್ತದೆಂದೂ ಅವರು ಹೇಳಲಿಲ್ಲ. ಆ ಜೀವಕ್ಕೆ ಯಾವ ಕಲಮು ಎಂದು ಆಕೆ ಕೇಳಿದ್ದಕ್ಕೆ, "ಡಾಕ್ಟ್ರು ಹಾರ್ಟ್ ಅಂತ ಬರೆದಾರ್ರಿ, ಅದನ್ನ ಇದಕ್ಕ ಕಟ್ಟೋದು ಕಷ್ಟ," ಎಂದು ತಲೆ ತಗ್ಗಿಸಿದರು. ಸುಳ್ಳು ಸಮಾಧಾನ ಹೇಳಲಿಲ್ಲ, ಅದೇ ದೊಡ್ಡದು.

ಪಂಚರು ಸಹಿ ಮಾಡಿದರು. ನಮ್ಮಿಬ್ಬರಿಗೂ ಸಹಿ ಮಾಡಲು ಹೇಳಿದರು. ಆಕೆಗೆ ಬರೆಯಲು ಬರುವುದಿಲ್ಲ. ಇಂಕಿನ ಪ್ಯಾಡು ಮುಂದೆ ಹಿಡಿದಾಗ ಆಕೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ಬ್ಯಾಡ್ರಿ. ಇನ್ನೊಮ್ಮೆ ಬ್ಯಾಡ." ಇನ್‌ಸ್ಪೆಕ್ಟರಮ್ಮ ಪಕ್ಕದಲ್ಲಿ ಕೂತು ಏನು ಬರೆದಿದೆ ಎಂದು ಸಾಲು ಸಾಲಾಗಿ ಓದಿ ಹೇಳಿದರು. ಆಮೇಲೆಯೇ ಒತ್ತಿದ್ದು. ಒತ್ತಿ, ಇಂಕನ್ನು ಗೋಡೆಗೆ ಉಜ್ಜಿ ಉಜ್ಜಿ ತೆಗೆದರು.

ಬಸ್ಸು ಬರುವ ತನಕ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ನನ್ನ ನೀರಿನ ಬಾಟಲಿ ಕೊಟ್ಟೆ. ಕುಡಿದರು.

"ನನ್ನ ಹೆಸರೂ ಯಾರ ಮನೀ ದೀಪದ ಮುಂದ ಐತೋ," ಎಂದರು.

"ಹಂಗೆ ಅನ್ಬ್ಯಾಡ್ರಿ ಅಕ್ಕ."

"ಮತ್ತೆ ಹೆಂಗೆ ಅನ್ಲಿ? ನೀನು ಬ್ಯಾರೆ ಏನಾರ ಹೇಳು, ಕೇಳ್ತೀನಿ."

ನಾನು ನನ್ನ ಸ್ವಾರ್ಥವನ್ನೇ ಕೇಳಿದೆ. "ಅಕ್ಕ, ಅದನ್ನ ವಾಪಸ್ ತಗೋತೀರಾ?"

ಆಕೆ ಬಾಟಲಿಗೆ ಮುಚ್ಚಳ ಹಾಕಿ ವಾಪಸ್ ಕೊಟ್ಟರು. "ಬೇಡ್ಕೊಳ್ಳೋದು ಹೆಂಗೆ ಅಂತ ಗೊತ್ತಿತ್ತು. ವಾಪಸ್ ತಗೊಳ್ಳೋದು ನಮ್ಮವ್ವ ಕಲಿಸ್ಲಿಲ್ಲ. ಇಷ್ಟು ದಿನ ಹೇಳಿ ಹೇಳಿ, ದೀಪ ಹಚ್ಚಿದ ಕೂಡ್ಲೇ ನಿನ್ನ ಹೆಸರು ತಾನಾಗೇ ಬಾಯಿಗೆ ಬರ್ತೈತೆ. ಬರೋದನ್ನ ತಡಿಯೋಕಾಗಲ್ಲ ತಂಗಿ. ಅದರ ಮುಂದಿನ ಮಾತು ಹೇಳ್ದಂಗ ಬಾಯಿ ಮುಚ್ಕೊಂಡು ನೋಡ್ತೀನಿ."

ತಂಗಿ ಎಂದರು. ಬಸ್ಸಿನಲ್ಲಿ ಕೂತು ಅದೊಂದನ್ನೇ ಎದೆಗೆ ಹಚ್ಚಿಕೊಂಡು ಬಂದೆ. ಅದಕ್ಕಿಂತ ಹೆಚ್ಚಿಗೆ ಅವತ್ತು ಏನೂ ಸಿಕ್ಕಿರಲಿಲ್ಲ.

ಮನೆ ಮುಟ್ಟುವಾಗ ಮಬ್ಬುಗತ್ತಲೆ. ಅತ್ತೆ ದೇವರ ಕೋಣೆಯ ಬಾಗಿಲಿಗೆ ಒರಗಿ ಕೂತಿದ್ದರು. ಅವರಿಗೆ ಈಗ ಎಲ್ಲ ಗೊತ್ತು. "ಏನಂದಳವ್ವ ಆಕಿ?" ಎಂದು ಕೇಳಿದರು. "ತಂಗಿ ಅಂದ್ರು," ಎಂದೆ. ಅವರು, "ದೀಪ ಹಚ್ಚೋಣ ಅಂದ್ರೆ ಬತ್ತಿ ಒಂದೂ ಇಲ್ಲ, ಈ ಮನ್ಯಾಗ ನಾನು ಹೇಳದಿದ್ರೆ ಯಾವುದೂ ನಡೆಯಲ್ಲ," ಎಂದು ಗೊಣಗಿದರು.

ಆ ಹೊತ್ತಿಗೆ ಹರಿಹರದಲ್ಲೂ ಒಂದು ದೀಪ ಹತ್ತಿರಬೇಕು, ನನ್ನ ಹೆಸರು ಒಂದು ಬಾಯಿಗೆ ಬಂದಿರಬೇಕು. ಕೈಕಾಲು ತೊಳೆದು ಹತ್ತಿಯ ಡಬ್ಬಿ ತೆಗೆದೆ. ಎಳೆ ಜಾರದಿರಲಿ ಎಂದು ಹೆಬ್ಬೆಟ್ಟಿಗೆ ಚಿಟಿಕೆ ವಿಭೂತಿ ಹಚ್ಚಿಕೊಂಡು ಬತ್ತಿ ಹೊಸೆಯಲು ಕೂತೆ.